ಬುದ್ಧಿಹಲ್ಲಿನ ಜನ್ಮಜಾತ ಅಭಾವ: ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಹಿನ್ನೆಲೆಯಲ್ಲಿ

ಬುದ್ಧಿಹಲ್ಲಿನ ಜನ್ಮಜಾತ ಅಭಾವವೆಂದರೆ ದವಡೆಯ ಕಟ್ಟಕಡೆಯಲ್ಲಿ ಬರಬೇಕಾದ ನಾಲ್ಕು ಮೂರನೇ ದವಡೆಹಲ್ಲುಗಳ ಪೈಕಿ ಒಂದು ಅಥವಾ ಹೆಚ್ಚಿನವುಗಳ ಮೊಳಕೆಯೇ ಮೂಡದೆ, ಆ ಹಲ್ಲು ಜೀವಮಾನದಲ್ಲಿ ಎಂದೂ ರೂಪುಗೊಳ್ಳದಿರುವ ಸ್ಥಿತಿ. ಇದು ರೋಗವಲ್ಲ, ಮನುಷ್ಯರ ಹಲ್ಲಿನ ಸಾಲಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬರುವ ವ್ಯತ್ಯಾಸ. ನಾಲ್ಕೂ ಬುದ್ಧಿಹಲ್ಲು ಇಲ್ಲದವರ ಬಾಯಲ್ಲಿ ಮೂವತ್ತೆರಡರ ಬದಲು ಇಪ್ಪತ್ತೆಂಟು ಹಲ್ಲುಗಳಿರುತ್ತವೆ. ಅಗಿಯುವುದಕ್ಕಾಗಲಿ ಮಾತಿಗಾಗಲಿ ಇದರಿಂದ ಕೊರತೆಯಾಗುವುದಿಲ್ಲ.

ಉತ್ತರ ಕನ್ನಡ ಜಿಲ್ಲೆಯ ಕರಾವಳಿಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳ ಹಿನ್ನೆಲೆಯಲ್ಲಿ, ಬೇರೆ ಬೇರೆ ವಯೋಮಾನದವರಲ್ಲಿ ಈ ಸ್ಥಿತಿಯನ್ನು ಹೇಗೆ ಗುರುತಿಸಬೇಕು, ಎಲ್ಲಿ ತಪ್ಪು ಎಣಿಕೆಯಾಗುತ್ತದೆ ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಪಾರಿಭಾಷಿಕ ಪದಗಳು

ವಯಸ್ಕರ ದವಡೆಯ ಪ್ರತಿ ಕಾಲುಭಾಗದಲ್ಲಿ ಎರಡು ಬಾಚಿಹಲ್ಲು, ಒಂದು ಕೋರೆಹಲ್ಲು, ಎರಡು ಮುಂದವಡೆ ಹಲ್ಲು, ಮೂರು ದವಡೆಹಲ್ಲು ಇರುತ್ತವೆ. ಮೂರು ದವಡೆಹಲ್ಲುಗಳಲ್ಲಿ ಹಿಂದಿನದೇ ಬುದ್ಧಿಹಲ್ಲು. ದಂತವೈದ್ಯರ ಚೀಟಿಯಲ್ಲಿ ಬಳಸುವ ಎರಡಂಕಿಯ ಎಫ್‌ಡಿಐ ಪದ್ಧತಿಯಲ್ಲಿ ಮೇಲಿನ ಬಲಗಡೆಯ ಬುದ್ಧಿಹಲ್ಲಿಗೆ 18, ಮೇಲಿನ ಎಡಗಡೆಯದಕ್ಕೆ 28, ಕೆಳಗಿನ ಎಡಗಡೆಯದಕ್ಕೆ 38, ಕೆಳಗಿನ ಬಲಗಡೆಯದಕ್ಕೆ 48 ಎಂಬ ಸಂಖ್ಯೆಗಳಿವೆ.

ಬಾಯಿ ತೆರೆದಾಗ ಬುದ್ಧಿಹಲ್ಲು ಕಾಣದಿದ್ದರೆ ಅದಕ್ಕೆ ಮೂರು ಕಾರಣಗಳಿರಬಹುದು. ಹಲ್ಲು ಮೂಳೆಯೊಳಗೋ ವಸಡಿನಡಿಯೋ ಸಿಕ್ಕಿಕೊಂಡಿದ್ದರೆ ಅದು ಹುದುಗಿದ ಹಲ್ಲು. ಬಂದ ಮೇಲೆ ಕೀಳಿಸಿದ್ದರೆ ಅಥವಾ ಉದುರಿದ್ದರೆ ಅದು ಕಳೆದ ಹಲ್ಲು. ಮೊಳಕೆಯೇ ಮೂಡದಿದ್ದರೆ ಮಾತ್ರ ಅಭಾವ. ಮೊದಲ ಎರಡನ್ನೂ ಮೂರನೆಯದರ ಲೆಕ್ಕಕ್ಕೆ ಸೇರಿಸುವುದು ಈ ವಿಷಯದ ಎಣಿಕೆಗಳಲ್ಲಿ ಪದೇ ಪದೇ ಕಾಣುವ ದೋಷ. ಹಾಗಾಗಿ ಈ ಲೇಖನದುದ್ದಕ್ಕೂ ‘ಅಭಾವ’ ಎಂಬ ಪದವನ್ನು ಮೂರನೆಯ ಅರ್ಥದಲ್ಲಿ ಮಾತ್ರ ಬಳಸಲಾಗಿದೆ.

‘ಜನ್ಮಜಾತ’ ಎಂಬ ವಿಶೇಷಣ ರೂಢಿಯಿಂದ ಬಂದದ್ದು. ಹುಟ್ಟಿದ ಮಗುವಿನ ದವಡೆಯಲ್ಲಿ ಯಾರಿಗೂ ಬುದ್ಧಿಹಲ್ಲಿನ ಮೊಳಕೆ ಇರುವುದಿಲ್ಲ. ಅದು ಮೂಡುವುದು ನಾಲ್ಕೈದು ವರ್ಷಗಳ ನಂತರ. ಆದರೂ ಆ ಮೊಳಕೆ ಮೂಡುವುದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ಅನುವಂಶೀಯತೆಯೇ ನಿರ್ಧರಿಸುವುದರಿಂದ ಈ ಹೆಸರು ನಿಂತಿದೆ.

ಬುದ್ಧಿಹಲ್ಲನ್ನು ಬಿಟ್ಟು ಉಳಿದ ಕಾಯಂ ಹಲ್ಲುಗಳಲ್ಲಿ ಒಂದರಿಂದ ಐದರವರೆಗೆ ಇಲ್ಲದಿದ್ದರೆ ಹೈಪೊಡಾಂಶಿಯ, ಆರು ಅಥವಾ ಹೆಚ್ಚು ಇಲ್ಲದಿದ್ದರೆ ಆಲಿಗೊಡಾಂಶಿಯ, ಒಂದೂ ಇಲ್ಲದಿದ್ದರೆ ಅನೊಡಾಂಶಿಯ ಎನ್ನುತ್ತಾರೆ. ಬುದ್ಧಿಹಲ್ಲಿನ ಅಭಾವ ಅಷ್ಟೊಂದು ಸಾಮಾನ್ಯವಾದ್ದರಿಂದ ಈ ವರ್ಗೀಕರಣದ ಲೆಕ್ಕಕ್ಕೆ ಅದನ್ನು ಹಿಡಿಯುವುದಿಲ್ಲ.

ಇತಿಹಾಸ

ಕಡೆಯ ಹಲ್ಲು ತಡವಾಗಿ ಬರುವುದನ್ನು ಪ್ರಾಚೀನರು ಗಮನಿಸಿದ್ದರು. ಇಪ್ಪತ್ತರ ವಯಸ್ಸಿನಲ್ಲಿ ಇದು ಹೆಣ್ಣು ಗಂಡು ಇಬ್ಬರಿಗೂ ಬರುತ್ತದೆಂದೂ, ಕೆಲವು ಹೆಂಗಸರಿಗೆ ಎಂಬತ್ತು ದಾಟಿದ ಮೇಲೂ ಬಂದದ್ದುಂಟೆಂದೂ ಅರಿಸ್ಟಾಟಲ್ ದಾಖಲಿಸಿದ್ದಾನೆ. ಇಳಿವಯಸ್ಸಿನಲ್ಲಿ ವಸಡು ಸವೆದು ಹುದುಗಿದ ಹಲ್ಲು ಹೊರಕಾಣುವುದನ್ನೇ ಅವನು ಹೇಳಿರಬೇಕು. ದಂತವೈದ್ಯರು ಇಂದಿಗೂ ಅಂಥ ಪ್ರಕರಣಗಳನ್ನು ನೋಡುತ್ತಾರೆ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಕೊನೆಯ ಹಲ್ಲಿನ ಬಳಿ ಬರುವ ದೊಡ್ಡ ಬಾವು ಮತ್ತು ತೀವ್ರ ನೋವಿಗೆ ‘ಅಧಿಮಾಂಸ’ ಎಂಬ ಹೆಸರಿದೆ. ಇಂದು ಬುದ್ಧಿಹಲ್ಲಿನ ಸುತ್ತಲ ವಸಡಿನ ಸೋಂಕು ಎಂದು ಕರೆಯುವ ತೊಂದರೆಗೆ ಈ ವರ್ಣನೆ ಹೊಂದುತ್ತದೆ.

ಚಾರ್ಲ್ಸ್ ಡಾರ್ವಿನ್ 1871ರಲ್ಲಿ ಪ್ರಕಟಿಸಿದ ಮಾನವ ವಿಕಾಸದ ಗ್ರಂಥದಲ್ಲಿ, ನಾಗರಿಕ ಜನಾಂಗಗಳಲ್ಲಿ ಬುದ್ಧಿಹಲ್ಲು ಅವಶೇಷ ಅಂಗವಾಗುವ ಹಾದಿಯಲ್ಲಿದೆ ಎಂದು ಬರೆದ. ಅಭಾವ ಮಾತ್ರ ನಾಗರಿಕತೆಗಿಂತ ಬಹಳ ಹಳೆಯದು. ಚೀನಾದ ಶಾಂಕ್ಸಿ ಪ್ರಾಂತದ ಲಾಂಟಿಯನ್‌ನಲ್ಲಿ 1963ರಲ್ಲಿ ದೊರೆತ ಹೋಮೊ ಇರೆಕ್ಟಸ್ ಕೆಳದವಡೆಯಲ್ಲಿ ಎರಡೂ ಕಡೆಯ ಬುದ್ಧಿಹಲ್ಲುಗಳು ಮೂಡಿಯೇ ಇಲ್ಲ. ಅದರ ಕಾಲ ಸುಮಾರು ಆರೂವರೆ ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜಿಸಲಾಗಿದೆ. ಬೇಯಿಸಿದ, ಮೆತ್ತನೆಯ ಆಹಾರದಿಂದ ದವಡೆ ಚಿಕ್ಕದಾಗಿ ಹಲ್ಲು ಹುದುಗಿಕೊಳ್ಳುವುದು ಬೇರೆ, ಮೊಳಕೆಯೇ ಇಲ್ಲದಿರುವುದು ಬೇರೆ. ಜನಪ್ರಿಯ ಬರಹಗಳಲ್ಲಿ ಈ ಎರಡನ್ನೂ ಬೆರೆಸಿ ಹೇಳುವುದುಂಟು. ಮೊದಲನೆಯದಕ್ಕೆ ಆಹಾರಕ್ರಮದ ವಿವರಣೆ ಸಾಕಾಗಬಹುದು, ಎರಡನೆಯದಕ್ಕೆ ಸಾಕಾಗದು.

ಒಂದೇ ಚಿತ್ರದಲ್ಲಿ ಎರಡೂ ದವಡೆಗಳನ್ನು ತೋರಿಸುವ ಎಕ್ಸ್‌ರೇ ವಿಧಾನವನ್ನು ಫಿನ್ಲೆಂಡಿನ ಯೂರ್ಯೊ ಪಾಟೆರೊ 20ನೇ ಶತಮಾನದ ನಡುಭಾಗದಲ್ಲಿ ರೂಪಿಸಿದ. ಆರ್ಥೊಪಾಂಟೊಮೊಗ್ರಾಮ್ ಎಂಬ ಉದ್ದ ಹೆಸರಿನ ಈ ಚಿತ್ರವನ್ನು ನಮ್ಮಲ್ಲಿ ಎಲ್ಲರೂ ಒಪಿಜಿ ಎನ್ನುತ್ತಾರೆ. ಅಭಾವದ ವ್ಯವಸ್ಥಿತ ಅಧ್ಯಯನ ದೊಡ್ಡ ಪ್ರಮಾಣದಲ್ಲಿ ಸಾಧ್ಯವಾದದ್ದು ಇದರಿಂದಲೇ.

ಬುದ್ಧಿಹಲ್ಲಿನ ಬೆಳವಣಿಗೆ

ಹಾಲುಹಲ್ಲಿನ ಜಾಗದಲ್ಲಿ ಬರುವ ಕಾಯಂ ಹಲ್ಲುಗಳಿಗೆ ಪೂರ್ವವರ್ತಿ ಹಲ್ಲು ಇರುತ್ತದೆ. ದವಡೆಹಲ್ಲುಗಳಿಗೆ ಹಾಗಿಲ್ಲ. ಹಲ್ಲುಗಳನ್ನು ಹುಟ್ಟಿಸುವ ಅಂಗಾಂಶದ ಪಟ್ಟಿ ದವಡೆ ಬೆಳೆದಂತೆ ಹಿಂದಕ್ಕೆ ಚಾಚಿಕೊಳ್ಳುತ್ತ, ಒಂದರ ಹಿಂದೆ ಒಂದರಂತೆ ಮೂರು ಮೊಳಕೆಗಳನ್ನು ಬಿಡುತ್ತದೆ. ಮೂರನೆಯ ಮೊಳಕೆಯ ಸರದಿ ಬರುವುದು ನಾಲ್ಕೈದನೇ ವರ್ಷದ ಸುಮಾರಿಗೆ. ಏಳರಿಂದ ಹತ್ತನೇ ವರ್ಷದೊಳಗೆ ಅದರಲ್ಲಿ ಸುಣ್ಣದಂಶ ಸೇರಿ ಗಟ್ಟಿಯಾಗತೊಡಗುತ್ತದೆ. ಹಲ್ಲಿನ ತಲೆಭಾಗ 12ರಿಂದ 16ನೇ ವರ್ಷದೊಳಗೆ ಪೂರ್ಣಗೊಳ್ಳುತ್ತದೆ. ವಸಡು ಸೀಳಿ ಹೊರಬರುವುದು ಸಾಮಾನ್ಯವಾಗಿ 17ರಿಂದ 21ರ ನಡುವೆ, 25ರವರೆಗೂ ತಡವಾಗಬಹುದು. ಬೇರು ಮುಗಿಯುವುದು 18ರಿಂದ 25ರೊಳಗೆ.

ಸರದಿಯಲ್ಲಿ ಹಿಂದಿರುವುದೇ ಬುದ್ಧಿಹಲ್ಲಿನ ಅಸ್ಥಿರತೆಗೆ ಕಾರಣ. 1939ರಲ್ಲಿ ಪಿ. ಎಂ. ಬಟ್ಲರ್ ಸಸ್ತನಿಗಳ ಹಲ್ಲುಗಳನ್ನು ವಲಯಗಳಾಗಿ ವಿಂಗಡಿಸಿದ; 1945ರಲ್ಲಿ ಎ. ಎ. ಡಾಲ್‌ಬರ್ಗ್ ಅದನ್ನು ಮನುಷ್ಯರಿಗೆ ಅನ್ವಯಿಸಿದ. ಪ್ರತಿ ವಲಯದಲ್ಲೂ ಒಂದು ಹಲ್ಲು ಸ್ಥಿರ, ಉಳಿದವು ಅದರಿಂದ ದೂರವಾದಂತೆ ಅಸ್ಥಿರ ಎಂಬುದು ಈ ವಾದದ ತಿರುಳು. ದವಡೆಹಲ್ಲಿನ ವಲಯದಲ್ಲಿ ಆರನೇ ವರ್ಷಕ್ಕೆ ಬರುವ ಮೊದಲ ಹಲ್ಲು ಸ್ಥಿರ, ಬುದ್ಧಿಹಲ್ಲು ತೀರ ಅಸ್ಥಿರ. ಇದರ ಹಿಂದಿನ ಕ್ರಿಯೆಯನ್ನು 2007ರಲ್ಲಿ ಕಾವನಾ, ಇವಾನ್ಸ್ ಮತ್ತು ಯೆರ್ನ್‌ವಾಲ್ ಇಲಿ ಭ್ರೂಣಗಳ ಹಲ್ಲಿನ ಮೊಳಕೆಗಳ ಮೇಲೆ ತೋರಿಸಿದರು. ಹಿಂದಿನ ಮೊಳಕೆಯನ್ನು ಮುಂದಿನದರಿಂದ ಕತ್ತರಿಸಿ ಬೇರ್ಪಡಿಸಿದಾಗ ಅದು ಬೇಗ ಬೆಳೆಯಿತು. ಅಂದರೆ ಮೊದಲು ಬಂದ ದವಡೆಹಲ್ಲು ತನ್ನ ಹಿಂದಿನದನ್ನು ತಡೆಹಿಡಿಯುತ್ತದೆ. ಈ ತಡೆ ಬಲವಾಗಿದ್ದರೆ ಮೂರನೆಯದು ಚಿಕ್ಕದಾಗುತ್ತದೆ, ಕೆಲವೊಮ್ಮೆ ಮೂಡುವುದೇ ಇಲ್ಲ.

ಕಾರಣಗಳು

ಮುಖ್ಯ ಕಾರಣ ಅನುವಂಶೀಯ. ಎಂಎಸ್‌ಎಕ್ಸ್1 ಎಂಬ ಜೀನಿನ ಮಾರ್ಪಾಡು ಒಂದು ಕುಟುಂಬದಲ್ಲಿ ಎರಡನೇ ಮುಂದವಡೆ ಹಲ್ಲುಗಳನ್ನೂ ಬುದ್ಧಿಹಲ್ಲುಗಳನ್ನೂ ಇಲ್ಲವಾಗಿಸಿದ್ದನ್ನು 1996ರಲ್ಲಿ ಗುರುತಿಸಲಾಯಿತು. ದವಡೆಹಲ್ಲುಗಳ ಅಭಾವಕ್ಕೆ ಪಿಎಎಕ್ಸ್9 ಜೀನಿನ ಮಾರ್ಪಾಡು ಕಾರಣವೆಂಬುದು 2000ದಲ್ಲಿ ತಿಳಿಯಿತು. ಎಎಕ್ಸ್‌ಐಎನ್2, ಇಡಿಎ, ಡಬ್ಲ್ಯುಎನ್‌ಟಿ10ಎ ಜೀನುಗಳಿಗೂ ಹಲ್ಲುಗಳ ಅಭಾವದೊಡನೆ ಸಂಬಂಧವಿದೆ. ಆದರೆ ಇಂಥ ಒಂಟಿ ಜೀನಿನ ಮಾರ್ಪಾಡುಗಳು ಹಲವು ಹಲ್ಲುಗಳು ಇಲ್ಲದ ಅಪರೂಪದ ಕುಟುಂಬಗಳಿಗೆ ಸಂಬಂಧಿಸಿದವು. ಬುದ್ಧಿಹಲ್ಲು ಮಾತ್ರ ಇಲ್ಲದ ಕೋಟ್ಯಂತರ ಜನರಲ್ಲಿ ಅನೇಕ ಜೀನುಗಳ ಸಣ್ಣ ಸಣ್ಣ ಪ್ರಭಾವಗಳು ಕೂಡಿ ಕೆಲಸ ಮಾಡುತ್ತವೆ. ಹೀಗಾಗಿ ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರಿಗೆ ನಾಲ್ಕೂ ಇದ್ದು ಇನ್ನೊಬ್ಬರಿಗೆ ಎರಡೇ ಇರುವುದು ಅಸಹಜವಲ್ಲ.

ಅನುವಂಶೀಯವಲ್ಲದ ಕಾರಣಗಳೂ ಇವೆ. ಮೊಳಕೆ ಮೂಡುವ ವಯಸ್ಸಿನಲ್ಲಿ ಮಗುವಿಗೆ ಕ್ಯಾನ್ಸರಿಗಾಗಿ ಕೀಮೋಥೆರಪಿ ಅಥವಾ ತಲೆ, ಕುತ್ತಿಗೆಯ ಭಾಗಕ್ಕೆ ವಿಕಿರಣ ಚಿಕಿತ್ಸೆ ನಡೆದಿದ್ದರೆ ಬುದ್ಧಿಹಲ್ಲು ಬಾರದೆ ಹೋಗಬಹುದು. ದವಡೆಗೆ ಬಿದ್ದ ಪೆಟ್ಟು, ಸೋಂಕು ಕೂಡ ಮೊಳಕೆಯನ್ನು ಹಾಳುಮಾಡಬಲ್ಲವು. ಎಳೆಯ ಮಕ್ಕಳಿಗೆ ಕೆಳದವಡೆಯಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ಕಡೆ ಬುದ್ಧಿಹಲ್ಲಿನ ಅಭಾವ ಹೆಚ್ಚಾಗಿ ಕಂಡುಬಂತೆಂದು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ವರದಿ ಮಾಡಿದರು. ಅದು ಸಂಬಂಧವನ್ನಷ್ಟೇ ಸೂಚಿಸುತ್ತದೆ. ಹುಳುಕು ಹಲ್ಲಿನ ಚಿಕಿತ್ಸೆಯನ್ನು ಮುಂದೂಡಲು ಕಾರಣವಾಗುವುದಿಲ್ಲ. ಡೌನ್ ಸಿಂಡ್ರೋಮ್, ಸೀಳುತುಟಿ, ಎಕ್ಟೊಡರ್ಮಲ್ ಡಿಸ್‌ಪ್ಲೇಸಿಯಾ (ಚರ್ಮ, ಕೂದಲು, ಹಲ್ಲುಗಳ ಬೆಳವಣಿಗೆಯ ಅನುವಂಶೀಯ ದೋಷ) ಇರುವವರಲ್ಲಿ ಅಭಾವದ ಸಾಧ್ಯತೆ ಹೆಚ್ಚು.

ವಿಧಗಳು ಮತ್ತು ಪ್ರಮಾಣ

ಎಷ್ಟು ಹಲ್ಲು ಇಲ್ಲ ಎಂಬುದರ ಮೇಲೆ ಅಭಾವವನ್ನು ಒಂದರಿಂದ ನಾಲ್ಕರವರೆಗೆ ವಿಂಗಡಿಸುತ್ತಾರೆ. ಒಂದು ಅಥವಾ ಎರಡು ಇಲ್ಲದವರು ಹೆಚ್ಚು. ಮೂರು ಇಲ್ಲದವರು ಕಡಿಮೆ. ಅಭಾವ ಒಂದೇ ಪಕ್ಕದಲ್ಲಿರಬಹುದು, ಎರಡೂ ಪಕ್ಕಗಳಲ್ಲಿರಬಹುದು.

ಜಗತ್ತಿನ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಕಾರ್ಟರ್ ಮತ್ತು ವರ್ದಿಂಗ್‌ಟನ್ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಈ ವಿಷಯದ ಪ್ರಮುಖ ಆಧಾರ. ಅದರ ಪ್ರಕಾರ ಒಂದಾದರೂ ಬುದ್ಧಿಹಲ್ಲಿನ ಅಭಾವವಿರುವವರ ಜಾಗತಿಕ ಸರಾಸರಿ ಶೇ. 22.63. ಪ್ರತ್ಯೇಕ ಅಧ್ಯಯನಗಳ ಅಂಕಿಗಳು ಮಾತ್ರ ಸುಮಾರು ಶೇ. 5ರಿಂದ ಶೇ. 56ರವರೆಗೆ ಹರಡಿಕೊಂಡಿವೆ. ಆಫ್ರಿಕಾದ ಜನರಲ್ಲಿ ಅತಿ ಕಡಿಮೆ, ಏಷ್ಯಾದವರಲ್ಲಿ ಅತಿ ಹೆಚ್ಚು. ಹೆಂಗಸರಲ್ಲಿ ಅಭಾವದ ಸಾಧ್ಯತೆ ಗಂಡಸರಿಗಿಂತ ಶೇ. 14ರಷ್ಟು ಹೆಚ್ಚು, ಮೇಲ್ದವಡೆಯಲ್ಲಿ ಕೆಳದವಡೆಗಿಂತ ಶೇ. 36ರಷ್ಟು ಹೆಚ್ಚು. ನೆರೆಯ ಬಾಂಗ್ಲಾದೇಶದಲ್ಲಿ 5,923 ಜನರ ಚಿತ್ರಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಪ್ರಮಾಣ ಶೇ. 38.4 ಇತ್ತು.

ಬುದ್ಧಿಹಲ್ಲಿನ ಅಭಾವ ಒಂಟಿಯಾಗಿ ಬರದಿರುವುದೂ ಉಂಟು. ಸ್ಟ್ಯಾನ್ಲಿ ಗಾರ್ನ್ ಮತ್ತು ಆರ್ಥರ್ ಲೂಯಿಸ್ 1960ರ ದಶಕದ ಆರಂಭದಲ್ಲಿ ನಡೆಸಿದ ಅಧ್ಯಯನಗಳಲ್ಲಿ, ಬುದ್ಧಿಹಲ್ಲು ಇಲ್ಲದವರಲ್ಲಿ ಬೇರೆ ಹಲ್ಲುಗಳೂ ಇಲ್ಲದಿರುವ ಸಾಧ್ಯತೆ 13 ಪಟ್ಟು ಹೆಚ್ಚೆಂದು ಕಂಡುಬಂತು. ಮೇಲಿನ ಪಕ್ಕದ ಬಾಚಿಹಲ್ಲು ಮೊಳೆಯಂತೆ ಚೂಪಾಗಿರುವುದು, ಎರಡನೇ ಮುಂದವಡೆ ಹಲ್ಲು ಬಾರದಿರುವುದು, ಉಳಿದ ಹಲ್ಲುಗಳು ತುಸು ಚಿಕ್ಕದಾಗಿರುವುದು, ಅವು ತಡವಾಗಿ ಬೆಳೆಯುವುದು ಇದರೊಂದಿಗೆ ಕಾಣುವ ಲಕ್ಷಣಗಳು.

ವಯೋಮಾನವಾರು ಲಕ್ಷಣಗಳು

ಅಭಾವ ಬಾಲ್ಯದಲ್ಲೇ ತೀರ್ಮಾನವಾಗಿ ಹೋಗುವ ಸಂಗತಿ. ಹತ್ತರಲ್ಲಿ ಕಾಣದ ಮೊಳಕೆ ಮುಂದಿನ ಕೆಲವು ವರ್ಷಗಳಲ್ಲಿ ಕಾಣಬಹುದು, ಆದರೆ ಇಪ್ಪತ್ತರಲ್ಲಿ ಇಲ್ಲದ್ದು ನಲವತ್ತರಲ್ಲಿ ಬರುವುದಿಲ್ಲ. ಒಂದೇ ತಲೆಮಾರಿನ ಜನರಲ್ಲಿ ನಿಜವಾದ ಪ್ರಮಾಣ ವಯಸ್ಸಿನೊಂದಿಗೆ ಏರುವಂತಿಲ್ಲ. ಬೇರೆ ಬೇರೆ ವಯೋಮಾನದವರನ್ನು ಎಣಿಸಿದಾಗ ಅಂಕಿಗಳು ಬೇರೆಯಾಗುವುದು ಹೆಚ್ಚಾಗಿ ಎರಡು ಕಾರಣಗಳಿಂದ. ಎಳೆಯರಲ್ಲಿ ಇನ್ನೂ ಮೂಡದಿರುವುದನ್ನು ಇಲ್ಲವೆಂದುಕೊಳ್ಳುತ್ತಾರೆ. ಹಿರಿಯರಲ್ಲಿ ಕಳೆದುಹೋದದ್ದನ್ನು ಇಲ್ಲವೆಂದುಕೊಳ್ಳುತ್ತಾರೆ. ಬಾಲ್ಯ ಮತ್ತು ವೃದ್ಧಾಪ್ಯ ಎರಡರಲ್ಲೂ ಅಂಕಿ ಉಬ್ಬುತ್ತದೆ, ನಡುವೆ ನಿಜಕ್ಕೆ ಹತ್ತಿರವಾಗುತ್ತದೆ.

ಏಳು ವರ್ಷದೊಳಗೆ ಒಪಿಜಿಯಲ್ಲಿ ಬುದ್ಧಿಹಲ್ಲಿನ ಕುರುಹು ಸಾಮಾನ್ಯವಾಗಿ ಕಾಣುವುದಿಲ್ಲ. ಈ ವಯಸ್ಸಿನ ಚಿತ್ರದಿಂದ ಏನನ್ನೂ ನಿರ್ಧರಿಸಲಾಗದು. ಏಳರಿಂದ ಹತ್ತರವರೆಗೆ ಎರಡನೇ ದವಡೆಹಲ್ಲಿನ ಹಿಂದೆ ಮೂಳೆಯಲ್ಲಿ ದುಂಡಗಿನ ಕಪ್ಪು ಗೂಡೊಂದು ಕಾಣಿಸಿಕೊಳ್ಳುತ್ತದೆ. ಬಳಿಕ ಅದರೊಳಗೆ ಹಲ್ಲಿನ ಮೊನೆಗಳು ಬಿಳಿ ಚುಕ್ಕೆಗಳಾಗಿ ಮೂಡುತ್ತವೆ. ಗೂಡು ಕಂಡರೆ ಹಲ್ಲು ಇದೆ ಎನ್ನಬಹುದು. ಕಾಣದಿದ್ದರೆ ಇಲ್ಲ ಎನ್ನುವಂತಿಲ್ಲ.

10ರಿಂದ 13 ವರ್ಷದವರೆಗಿನದು ಸಂದಿಗ್ಧ ಕಾಲ. ಹೆಚ್ಚಿನ ಮಕ್ಕಳಲ್ಲಿ ಮೊಳಕೆ ಸ್ಪಷ್ಟವಾಗಿರುತ್ತದೆ, ಕೆಲವರಲ್ಲಿ ತಡವಾಗುತ್ತದೆ. ಹಲ್ಲು ನೇರ ಮಾಡಲು ಕ್ಲಿಪ್ ಹಾಕಿಸಲು ಮಕ್ಕಳನ್ನು ಕರೆತರುವುದೂ ಇದೇ ವಯಸ್ಸಿನಲ್ಲಿ. ಹೀಗಾಗಿ ಅತಿ ಹೆಚ್ಚು ಒಪಿಜಿ ಚಿತ್ರಗಳು ಸಿಗುವ ವಯೋಮಾನವೇ ತೀರ್ಮಾನಕ್ಕೆ ಅಷ್ಟಾಗಿ ಒದಗದ ವಯೋಮಾನವಾಗಿದೆ. ಚಿಕಿತ್ಸಾಲಯದ ಕಡತಗಳಿಂದ ಲೆಕ್ಕ ತೆಗೆಯುವವರು ಗಮನಿಸಬೇಕಾದ ಅಂಶವಿದು.

14 ತುಂಬಿದ ಮೇಲೆ ಮೊಳಕೆ ಕಾಣದಿದ್ದರೆ ಅಭಾವವೆಂದು ಪರಿಗಣಿಸುವುದು ಬಹುಪಾಲು ಸಂಶೋಧಕರ ರೂಢಿ. ಅದಾದ ಮೇಲೂ ಮೂಡಿದ ಉದಾಹರಣೆಗಳಿವೆ, ಆದರೆ ವಿರಳ. ಎಚ್ಚರ ವಹಿಸುವವರು ಒಂದೆರಡು ವರ್ಷ ಬಿಟ್ಟು ಇನ್ನೊಂದು ಚಿತ್ರದಿಂದ ಖಚಿತಪಡಿಸಿಕೊಳ್ಳುತ್ತಾರೆ. 18ರಿಂದ 25 ವರ್ಷದವರ ಎಣಿಕೆ ಎಲ್ಲಕ್ಕಿಂತ ಭರವಸೆಯದು: ಮೊಳಕೆ ಮೂಡುವ ಕಾಲ ಕಳೆದಿರುತ್ತದೆ, ಕೀಳಿಸುವ ಕಾಲ ಇನ್ನೂ ಪೂರ್ತಿ ಬಂದಿರುವುದಿಲ್ಲ. ಹುದುಗಿದ ಹಲ್ಲಿನ ನೋವು ಶುರುವಾಗುವುದೂ ಈ ವಯಸ್ಸಿನಲ್ಲೇ ಆದ್ದರಿಂದ, ಕೀಳಿಸಿದ್ದೀರಾ ಎಂದು ಕೇಳುವುದನ್ನು ಇಲ್ಲಿಯೂ ಬಿಡುವಂತಿಲ್ಲ.

26ರಿಂದ 40ರವರೆಗೆ ಕೀಳಿಸಿದವರ ಸಂಖ್ಯೆ ಏರುತ್ತದೆ. ಈ ವಯಸ್ಸಿನವರಿಗೆ ಕೀಳಿಸಿದ ನೆನಪು ಹೆಚ್ಚಾಗಿ ಇರುತ್ತದೆ. ಹಾಗಾಗಿ ಕೇಳಿ ತಿಳಿಯಬಹುದು. ನಲವತ್ತು, ಐವತ್ತು ದಾಟಿದ ಮೇಲೆ ನೆನಪು ಮಸುಕಾಗುತ್ತದೆ. ‘ಹಿಂದಿನ ಒಂದು ಹಲ್ಲು ಕೀಳಿಸಿದ್ದೆ’ ಎನ್ನುವವರಿಗೆ ಅದು ಎರಡನೆಯದೋ ಮೂರನೆಯದೋ ಗೊತ್ತಿರುವುದಿಲ್ಲ. ಮೊದಲ ದವಡೆಹಲ್ಲು ಚಿಕ್ಕಂದಿನಲ್ಲೇ ಹೋಗಿದ್ದರೆ ಹಿಂದಿನವು ಮುಂದಕ್ಕೆ ವಾಲಿ ಬಂದು, ಬುದ್ಧಿಹಲ್ಲು ಎರಡನೆಯದರ ಜಾಗದಲ್ಲಿ ನಿಂತಿರಬಹುದು. ಅರವತ್ತು ದಾಟಿ ಹಲವು ಹಲ್ಲುಗಳು ಉದುರಿದ ಮೇಲೆ ದವಡೆಯ ಏಣು ಸವೆದು ತಗ್ಗುತ್ತದೆ. ಆಗ ಅಭಾವ ಯಾವುದು, ನಷ್ಟ ಯಾವುದು ಎಂದು ಬಿಡಿಸುವುದು ಬಹುತೇಕ ಅಸಾಧ್ಯ. ಈ ವಯೋಮಾನದ ಅಂಕಿಗಳನ್ನು ಎಳೆಯರ ಅಂಕಿಗಳ ಪಕ್ಕದಲ್ಲಿಟ್ಟು, ಹಿಂದಿನವರಿಗೆ ಬುದ್ಧಿಹಲ್ಲು ಹೆಚ್ಚಿತ್ತು ಅಥವಾ ಕಡಿಮೆಯಿತ್ತು ಎನ್ನುವ ತೀರ್ಮಾನ ನಿಲ್ಲುವುದಿಲ್ಲ.

ಪತ್ತೆ ಹಚ್ಚುವ ಕ್ರಮ

ಕನ್ನಡಿ ಹಿಡಿದು ಬಾಯಿ ನೋಡುವುದರಿಂದ ಅಭಾವ ಖಚಿತವಾಗುವುದಿಲ್ಲ. ಒಪಿಜಿ ಅಗತ್ಯ. ಇದರ ವಿಕಿರಣದ ಪ್ರಮಾಣ ಸಾಮಾನ್ಯವಾಗಿ ಕೆಲವೇ ಹತ್ತು ಮೈಕ್ರೊಸೀವರ್ಟ್‌ಗಳೊಳಗೆ ಇರುತ್ತದೆ. ನೈಸರ್ಗಿಕವಾಗಿ ಒಬ್ಬ ವ್ಯಕ್ತಿಗೆ ವರ್ಷಕ್ಕೆ ತಗಲುವುದು ಸುಮಾರು 2,400 ಮೈಕ್ರೊಸೀವರ್ಟ್. ಆದರೂ ಬುದ್ಧಿಹಲ್ಲು ಇದೆಯೋ ಇಲ್ಲವೋ ಎಂಬ ಕುತೂಹಲಕ್ಕಾಗಿಯೇ ಚಿತ್ರ ತೆಗೆಸುವುದು ಸರಿಯಲ್ಲ.

ಚಿತ್ರವನ್ನು ಓದುವಾಗ ಎರಡನೇ ದವಡೆಹಲ್ಲಿನ ಹಿಂದಿನ ಮೂಳೆಯನ್ನು ನೋಡಬೇಕು. ಹಲ್ಲು ಎಂದೂ ಇರದ ಕಡೆ ಮೂಳೆಯ ಜಾಲ ಅಡೆತಡೆಯಿಲ್ಲದೆ ದವಡೆಯ ಏರುಭಾಗಕ್ಕೆ ಸೇರಿಕೊಳ್ಳುತ್ತದೆ. ಇತ್ತೀಚೆಗೆ ಕಿತ್ತಿದ್ದರೆ ಬೇರಿನ ಗುಳಿಯ ಅಂಚು ಬಿಳಿಗೆರೆಯಾಗಿ ಕಾಣುತ್ತದೆ. ಈ ಗೆರೆ ತಿಂಗಳುಗಳು ಕಳೆದಂತೆ ಮಾಸಿ, ಕಾಲಕ್ರಮದಲ್ಲಿ ಅಳಿಸಿಹೋಗುತ್ತದೆ. ಆಗ ನೆರವಿಗೆ ಬರುವುದು ಎರಡನೇ ದವಡೆಹಲ್ಲಿನ ಹಿಂಬದಿಯ ಮೈ. ಎರಡು ಹಲ್ಲುಗಳು ವರ್ಷಗಟ್ಟಲೆ ತಾಗಿಕೊಂಡು ನಿಂತಿದ್ದರೆ, ಅಗಿಯುವಾಗಿನ ಸಣ್ಣ ಅಲುಗಾಟಕ್ಕೆ ಎನಾಮೆಲ್ ಸವೆದು ಕಿರುಬೆರಳ ಉಗುರಿಗಿಂತಲೂ ಚಿಕ್ಕದಾದ ನುಣುಪು ಚಪ್ಪಟೆ ಗುರುತು ಮೂಡಿರುತ್ತದೆ. ಆ ಗುರುತಿದ್ದರೆ ಹಿಂದೆ ಬುದ್ಧಿಹಲ್ಲು ಇತ್ತೆಂದೇ ಅರ್ಥ. ಉತ್ಖನನದಲ್ಲಿ ಸಿಕ್ಕ ದವಡೆಗಳನ್ನು ಪರೀಕ್ಷಿಸುವ ಮಾನವಶಾಸ್ತ್ರಜ್ಞರು ಆಧರಿಸುವುದೂ ಇದನ್ನೇ. ಗುರುತು ಇಲ್ಲದಿರುವುದು ಮಾತ್ರ ಅಭಾವಕ್ಕೆ ಪುರಾವೆಯಲ್ಲ. ಹುದುಗಿದ್ದ ಹಲ್ಲನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದಿದ್ದರೂ ಗುರುತು ಇರುವುದಿಲ್ಲ.

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳು

ರಾಷ್ಟ್ರೀಯ ಹೆದ್ದಾರಿ 66ರ ಉದ್ದಕ್ಕೂ ಒಂದಕ್ಕೊಂದು ಅಂಟಿಕೊಂಡಿರುವ ಈ ಮೂರು ತಾಲೂಕುಗಳ ಒಟ್ಟು ಜನಸಂಖ್ಯೆ ಐದು ಲಕ್ಷದ ಆಸುಪಾಸು. ಹೊನ್ನಾವರದ ಬಳಿ ಶರಾವತಿ, ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಕಡಲು ಸೇರುತ್ತವೆ. ನವಾಯತರು, ನಾಮಧಾರಿಗಳು, ಹವ್ಯಕರು, ಗೌಡ ಸಾರಸ್ವತರು, ಹಾಲಕ್ಕಿ ಒಕ್ಕಲಿಗರು, ಖಾರ್ವಿಗಳು, ಮೊಗೇರರು, ಗೊಂಡರು ಮೊದಲಾದ ಸಮುದಾಯಗಳು ಇಲ್ಲಿ ಬಹುಕಾಲದಿಂದ ನೆರೆಹೊರೆಯಲ್ಲಿ ಬದುಕುತ್ತ ಬಂದಿವೆ. ಮದುವೆ ಸಂಬಂಧಗಳು ಹೆಚ್ಚಾಗಿ ಆಯಾ ಸಮುದಾಯದೊಳಗೇ ನಡೆಯುತ್ತವೆ.

ಹಲ್ಲಿನ ಅಭಾವದಂಥ ಅನುವಂಶೀಯ ಲಕ್ಷಣದ ಎಣಿಕೆಗೆ ಇದು ಮಹತ್ವದ ಸಂಗತಿ. ಒಳಮದುವೆಯ ಸಮುದಾಯಗಳಲ್ಲಿ ಜೀನುಗಳ ಹಂಚಿಕೆ ಪಕ್ಕದ ಕೇರಿಯವರದ್ದಕ್ಕಿಂತ ಬೇರೆಯಾಗಿರಬಹುದು. ಭಟ್ಕಳ ಪೇಟೆಯ ಒಂದು ಚಿಕಿತ್ಸಾಲಯದ ಕಡತದಿಂದ ತೆಗೆದ ಅಂಕಿ ಕುಮಟೆಯ ಹಾಲಕ್ಕಿ ಕೊಪ್ಪಕ್ಕೆ ಅನ್ವಯಿಸುತ್ತದೆ ಎನ್ನಲು ಆಧಾರ ಸಾಲದು. ಕರ್ನಾಟಕದಲ್ಲಿ ರಕ್ತಸಂಬಂಧದೊಳಗಿನ ಮದುವೆಗಳು ಸುಮಾರು ಕಾಲುಭಾಗದಷ್ಟಿವೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿದೆ. ಬುದ್ಧಿಹಲ್ಲು ಮಾತ್ರ ಇಲ್ಲದ ಸಾಮಾನ್ಯ ಅಭಾವವನ್ನು ಇಂಥ ಮದುವೆಯ ಫಲವೆಂದು ಹೇಳಲಾಗದು. ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಪೂರ್ತಿ ಪ್ರಕಟವಾಗುವ, ಹಲವು ಹಲ್ಲುಗಳಿಲ್ಲದ ವಿರಳ ಸ್ಥಿತಿಗಳಿಗೆ ಅದು ಸಂಬಂಧಿಸಬಹುದು.

ಎರಡನೆಯ ಸಂಗತಿ ವಲಸೆ. ಭಟ್ಕಳದ ನವಾಯತರು ಬಹುಸಂಖ್ಯೆಯಲ್ಲಿ ದುಬೈ, ಸೌದಿ ಅರೇಬಿಯ ಮತ್ತಿತರ ಕೊಲ್ಲಿ ನಾಡುಗಳಲ್ಲಿ ದುಡಿಯುತ್ತಾರೆ. ಹೊನ್ನಾವರ, ಕುಮಟಾ ಕಡೆಯವರು ಮುಂಬೈ, ಬೆಂಗಳೂರು, ಗೋವಾಗಳಲ್ಲಿ ನೆಲೆಸುವುದು ಹೆಚ್ಚು. ಬುದ್ಧಿಹಲ್ಲು ತೊಂದರೆ ಕೊಡುವ ಇಪ್ಪತ್ತು, ಮೂವತ್ತರ ವಯಸ್ಸು ಊರ ಹೊರಗೆ ಕಳೆಯುತ್ತದೆ. ಕೀಳಿಸಿದ್ದು ಅಲ್ಲಿ, ಎಕ್ಸ್‌ರೇ ಉಳಿದದ್ದು ಅಲ್ಲಿ. ಊರಿಗೆ ಮರಳಿದವರನ್ನು ಪರೀಕ್ಷಿಸುವ ಸ್ಥಳೀಯ ವೈದ್ಯರಿಗೆ ಖಾಲಿ ಜಾಗ ಕಾಣುತ್ತದೆ, ದಾಖಲೆ ಕಾಣುವುದಿಲ್ಲ. ಉಳಿದ ಊರುಗಳಿಗಿಂತ ಇಲ್ಲಿ 25 ದಾಟಿದ ಗಂಡಸರ ಎಣಿಕೆಯಲ್ಲಿ ಹಲ್ಲು ಕೀಳಿಸಿದ ಇತಿಹಾಸ ವಿಚಾರಿಸುವುದು ಹೆಚ್ಚು ಮುಖ್ಯವಾಗುವುದು ಇದಕ್ಕಾಗಿ.

ಮೂರನೆಯದು ಕವಳ. ಎಲೆ, ಅಡಿಕೆ, ಸುಣ್ಣದ ಜೊತೆ ಹೊಗೆಸೊಪ್ಪು ಸೇರಿಸಿ ಕವಳ ಹಾಕುವ ರೂಢಿ ಉತ್ತರ ಕನ್ನಡದಲ್ಲಿ ಹಳೆಯದು. ಹೊನ್ನಾವರ ಸೀಮೆ ಅಡಿಕೆ ಮತ್ತು ವೀಳ್ಯದೆಲೆಯ ತೋಟಗಳಿಗೆ ಹೆಸರಾಗಿದೆ. ದೀರ್ಘಕಾಲ ಕವಳ ಹಾಕಿದವರಲ್ಲಿ ವಸಡು ಸರಿದು ಹಿಂದಿನ ಹಲ್ಲುಗಳು ಬೇಗ ಸಡಿಲಗೊಳ್ಳುತ್ತವೆ, ಅಗಿಯುವ ಮೈ ಸವೆದು ಮೊನೆಗಳೇ ಇಲ್ಲವಾಗುತ್ತವೆ. ಅಡಿಕೆಯಿಂದ ಕೆನ್ನೆಯ ಒಳಪದರ ಬಿಗಿದು ಬಾಯಿ ಎರಡು ಬೆರಳಿನಷ್ಟೂ ತೆರೆಯದ ಸ್ಥಿತಿ ಬಂದವರಲ್ಲಿ ಕಡೆಯ ಹಲ್ಲಿನ ತನಕ ಕನ್ನಡಿ ಹೋಗುವುದೇ ಇಲ್ಲ. ಹೀಗೆ ಉದುರಿದ, ಕಾಣದ ಹಲ್ಲುಗಳೆಲ್ಲ ಅಭಾವದ ಖಾತೆಗೆ ಸೇರಿಬಿಡುವ ಅಪಾಯ ಹಿರಿಯರ ಎಣಿಕೆಯಲ್ಲಿದೆ.

ಮೂರೂ ತಾಲೂಕು ಕೇಂದ್ರಗಳಲ್ಲಿ ಸರ್ಕಾರಿ ತಾಲೂಕು ಆಸ್ಪತ್ರೆಗಳೂ ಖಾಸಗಿ ದಂತ ಚಿಕಿತ್ಸಾಲಯಗಳೂ ಇವೆ. ಕ್ಲಿಷ್ಟ ಶಸ್ತ್ರಚಿಕಿತ್ಸೆಗೆ ಜನ ದಕ್ಷಿಣಕ್ಕೆ ಮಣಿಪಾಲ, ಮಂಗಳೂರು, ಘಟ್ಟದ ಮೇಲೆ ಧಾರವಾಡ, ಹುಬ್ಬಳ್ಳಿಗಳಿಗೆ ಹೋಗುತ್ತಾರೆ. ಮಣಿಪಾಲದ ದಂತ ವೈದ್ಯಕೀಯ ಕಾಲೇಜು 1965ರಲ್ಲಿ, ಧಾರವಾಡದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜು 1986ರಲ್ಲಿ ಆರಂಭವಾದವು.

ಚಿಕಿತ್ಸೆಯಲ್ಲಿ ಪ್ರಾಮುಖ್ಯ

ಬುದ್ಧಿಹಲ್ಲಿನ ಅಭಾವಕ್ಕೆ ಚಿಕಿತ್ಸೆ ಬೇಕಿಲ್ಲ. ಅದು ಇಲ್ಲದವರಿಗೆ ವಸಡಿನ ಬಾವು, ಹುದುಗಿದ ಹಲ್ಲಿನ ಚೀಲಗಡ್ಡೆ, ಎರಡನೇ ದವಡೆಹಲ್ಲಿನ ಹಿಂಬದಿಯ ಹುಳುಕು ಮುಂತಾದ ತೊಂದರೆಗಳ ಭಯವಿಲ್ಲ. ಕೆಳದವಡೆಯ ಮೂಲೆ ಪೆಟ್ಟಿಗೆ ಮುರಿಯುವ ಸಾಧ್ಯತೆಯೂ ಬುದ್ಧಿಹಲ್ಲು ಇರುವವರಿಗಿಂತ ಕಡಿಮೆ.

ಬೇರೆ ಚಿಕಿತ್ಸೆಗಳನ್ನು ಯೋಜಿಸುವಾಗ ಮಾತ್ರ ಅಭಾವ ಲೆಕ್ಕಕ್ಕೆ ಬರುತ್ತದೆ. ಮೊದಲ ದವಡೆಹಲ್ಲು ತೀರ ಹುಳುಕಾದ ಮಗುವಿಗೆ ಅದನ್ನು ಕಿತ್ತು ಎರಡನೆಯದು ಮುಂದೆ ಬರಲು ಬಿಡುವ ಕ್ರಮವಿದೆ. ಬುದ್ಧಿಹಲ್ಲಿನ ಮೊಳಕೆ ಇಲ್ಲದಿದ್ದರೆ ಆ ಬದಿಯಲ್ಲಿ ಅಗಿಯಲು ಒಂದೇ ದವಡೆಹಲ್ಲು ಉಳಿಯುತ್ತದೆ. ಕ್ಲಿಪ್ ಹಾಕುವಾಗ ಎರಡನೇ ದವಡೆಹಲ್ಲು ತೆಗೆಯುವ ಯೋಜನೆಗೂ ಇದೇ ಮಾತು ಸಲ್ಲುತ್ತದೆ. ಹಾಳಾದ ದವಡೆಹಲ್ಲಿನ ಜಾಗಕ್ಕೆ ಅದೇ ವ್ಯಕ್ತಿಯ ಬುದ್ಧಿಹಲ್ಲನ್ನು ಕಿತ್ತು ನೆಡುವ ಚಿಕಿತ್ಸೆ ಇವರಿಗೆ ಲಭ್ಯವಿಲ್ಲ. 14ರ ನಂತರ ನಾಲ್ಕೂ ಬುದ್ಧಿಹಲ್ಲು ಕಾಣದ ಮಗುವಿನಲ್ಲಿ ಉಳಿದ ಹಲ್ಲುಗಳ ಸಂಖ್ಯೆ, ಆಕಾರಗಳನ್ನೂ ಪರಿಶೀಲಿಸುವುದು ಒಳ್ಳೆಯ ಪದ್ಧತಿ.

ವಯಸ್ಸಿನ ನಿರ್ಣಯದಲ್ಲಿ ಪಾತ್ರ

ಹದಿನಾರು ದಾಟಿದ ಮೇಲೆ ಬೆಳೆಯುತ್ತಿರುವ ಹಲ್ಲು ಬುದ್ಧಿಹಲ್ಲೊಂದೇ. ಹಾಗಾಗಿ ವ್ಯಕ್ತಿಗೆ 18 ತುಂಬಿದೆಯೇ ಎಂಬ ಪ್ರಶ್ನೆ ಬಂದಾಗ ಅದರ ಬೇರಿನ ಹಂತವನ್ನು ನೋಡುತ್ತಾರೆ. 1973ರಲ್ಲಿ ಡೆಮಿರ್ಜಿಯನ್ ಮತ್ತು ಸಂಗಡಿಗರು ಹಲ್ಲಿನ ಬೆಳವಣಿಗೆಯನ್ನು ಎಂಟು ಹಂತಗಳಾಗಿ ವಿಂಗಡಿಸಿ ಏಳು ಹಲ್ಲುಗಳಿಂದ ವಯಸ್ಸು ಅಂದಾಜಿಸುವ ವಿಧಾನ ಕೊಟ್ಟರು. 2004ರಲ್ಲಿ ಅದಕ್ಕೆ ಬುದ್ಧಿಹಲ್ಲನ್ನು ಸೇರಿಸಿ ಎಂಟು ಹಲ್ಲುಗಳ ವಿಧಾನ ರೂಪುಗೊಂಡಿತು. ಇದನ್ನು ಭಾರತೀಯರಿಗೆ ಹೊಂದುವ ಸೂತ್ರಗಳೊಂದಿಗೆ 2011ರಲ್ಲಿ ಪ್ರಕಟಿಸಿದವರು ಧಾರವಾಡದ ಎಸ್‌ಡಿಎಂ ಕಾಲೇಜಿನ ನ್ಯಾಯದಂತ ತಜ್ಞ ಆಶಿತ್ ಆಚಾರ್ಯ. ಉತ್ತರ ಕನ್ನಡಕ್ಕೆ ತೀರ ಹತ್ತಿರದ ದಂತ ಕಾಲೇಜೊಂದರಲ್ಲಿ ನಡೆದ ಈ ಕೆಲಸ ಅಭಾವದ ಪ್ರಶ್ನೆಯನ್ನು ನೇರವಾಗಿ ಮುಟ್ಟುತ್ತದೆ: ಎಂಟನೆಯ ಹಲ್ಲೇ ಇಲ್ಲದವರಿಗೆ ಎಂಟು ಹಲ್ಲುಗಳ ಸೂತ್ರ ಬಳಸಲಾಗದು.

ಬಾಲ ನ್ಯಾಯ ಕಾಯ್ದೆ, 2015ರ 94ನೇ ಕಲಂ ವಯಸ್ಸಿನ ನಿರ್ಧಾರಕ್ಕೆ ಮೊದಲು ಶಾಲೆಯ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರವನ್ನು, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರವನ್ನು ನೋಡಬೇಕೆನ್ನುತ್ತದೆ. ಇವೆರಡೂ ಇಲ್ಲದಾಗ ಮಾತ್ರ ವೈದ್ಯಕೀಯ ಪರೀಕ್ಷೆ. ಬುದ್ಧಿಹಲ್ಲು ಬಾಯಲ್ಲಿ ಕಾಣದಿರುವುದನ್ನು 18 ತುಂಬಿಲ್ಲ ಎಂಬುದಕ್ಕೆ ಪುರಾವೆಯಾಗಿ ಹಿಡಿಯಬಾರದು. ಸುಮಾರು ನಾಲ್ಕೈದು ಜನರಲ್ಲಿ ಒಬ್ಬರಿಗೆ ಯಾವುದಾದರೊಂದು ಬುದ್ಧಿಹಲ್ಲು ಎಂದೂ ಬರುವುದಿಲ್ಲ ಎಂಬ ಜಾಗತಿಕ ಸರಾಸರಿಯೊಂದೇ ಆ ತರ್ಕವನ್ನು ತಳ್ಳಿಹಾಕಲು ಸಾಕು.

ಸದ್ಯದ ಸ್ಥಿತಿ

ಡಿಜಿಟಲ್ ಒಪಿಜಿ ಯಂತ್ರಗಳು ಸಣ್ಣ ಊರುಗಳಿಗೂ ಬರುತ್ತಿರುವುದರಿಂದ ಅಭಾವ ಈಗ ಬೇರೆ ಕಾರಣಕ್ಕೆ ತೆಗೆದ ಚಿತ್ರಗಳಲ್ಲಿ ಆಕಸ್ಮಿಕವಾಗಿ ಹೆಚ್ಚು ಹೆಚ್ಚು ಪತ್ತೆಯಾಗುತ್ತಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳ ತಪಾಸಣೆಯಲ್ಲಿ ಹುಳುಕು ಹಲ್ಲನ್ನೂ ನೋಡುತ್ತಾರೆ. ಬಡ ಹಿರಿಯ ನಾಗರಿಕರಿಗೆ ರಾಜ್ಯದ ದಂತ ಭಾಗ್ಯ ಯೋಜನೆಯಡಿ ಉಚಿತ ದಂತಪಂಕ್ತಿ ಸಿಗುತ್ತದೆ. ಇವೆರಡೂ ಎಕ್ಸ್‌ರೇ ಆಧಾರಿತ ಗಣತಿಗಳಲ್ಲ. ಆದ್ದರಿಂದ ಶಿಬಿರಗಳಲ್ಲಿ ಬಾಯಿ ನೋಡಿ ಬರೆದ ಹಲ್ಲಿನ ಸಂಖ್ಯೆಯನ್ನು ಅಭಾವದ ಅಂಕಿಯಾಗಿ ಬಳಸುವಂತಿಲ್ಲ.

ಹುಟ್ಟಿನಿಂದ ಇಲ್ಲದ ಹಲ್ಲನ್ನು ಬೆಳೆಸುವ ಪ್ರಯತ್ನ ಜಪಾನಿನಲ್ಲಿ ನಡೆದಿದೆ. ಹಲ್ಲಿನ ಬೆಳವಣಿಗೆಯನ್ನು ತಡೆಯುವ ಯುಎಸ್‌ಎಜಿ-1 ಎಂಬ ಪ್ರೋಟೀನನ್ನು ಅಡಗಿಸುವ ಔಷಧವನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಮೊದಲ ಹಂತ ಕ್ಯೋಟೊ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 2024ರಲ್ಲಿ ಆರಂಭವಾಯಿತು. ಆ ಔಷಧದ ಗುರಿ ಜನ್ಮಜಾತವಾಗಿ ಹಲವು ಹಲ್ಲುಗಳಿಲ್ಲದವರು. ಬುದ್ಧಿಹಲ್ಲು ಮಾತ್ರ ಇಲ್ಲದವರಲ್ಲ.

ಕರಾವಳಿಯ ಈ ಮೂರು ತಾಲೂಕುಗಳಲ್ಲಿ ಮುಂದೆ ನಡೆಯುವ ಯಾವುದೇ ಎಣಿಕೆ 14 ತುಂಬಿದವರಿಂದಲೇ ಆರಂಭವಾಗಬೇಕು, ಪ್ರತಿಯೊಬ್ಬರ ಒಪಿಜಿ ಇರಬೇಕು, ಕೀಳಿಸಿದ ಹಲ್ಲಿನ ವಿವರ ಕೇಳಿ ಬರೆದುಕೊಳ್ಳಬೇಕು, ಸಮುದಾಯ ಮತ್ತು ವಯೋಮಾನಗಳನ್ನು ಬೇರೆ ಬೇರೆಯಾಗಿ ತೋರಿಸಬೇಕು. ಹಲ್ಲು ಕೀಳಿಸಿಕೊಂಡವರು, ಅದು ಭಟ್ಕಳದಲ್ಲಾಗಲಿ ದುಬೈನಲ್ಲಾಗಲಿ, ಯಾವ ಹಲ್ಲು ಎಂಬುದರ ಚೀಟಿಯನ್ನೂ ಎಕ್ಸ್‌ರೇಯನ್ನೂ ಕಾಪಾಡಿಟ್ಟುಕೊಳ್ಳುವುದು ಅವರ ಮುಂದಿನ ಚಿಕಿತ್ಸೆಗೂ ಅನುಕೂಲ.